ದುಬೈನಲ್ಲಿ ಮನೆ ಕೊಳ್ಳುವ ಯೋಚನೆಯೇ? ದುಡ್ಡು ಕಳಿಸುವ ಮುಂಚೆ ಹಾಕಬೇಕಾದ ಲೆಕ್ಕ, ನೋಡಬೇಕಾದ ಕಾಗದ

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ವಾರದ ಕೊನೆಗೆ ದುಬೈ ಪ್ರಾಪರ್ಟಿ ಮೇಳ ನಡೆಯುವುದು ಈಗ ಮಾಮೂಲು. ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಡದ ಪುಟ್ಟ ಮಾದರಿ, ಕುಡಿಯಲು ಕಾಫಿ, ಕೈಗೊಂದು ಬಣ್ಣದ ಹಾಳೆ. ಆ ಹಾಳೆಯಲ್ಲಿ ಎರಡು ಮಾತು ದಪ್ಪಕ್ಷರದಲ್ಲಿ ಇರುತ್ತವೆ: ವರ್ಷಕ್ಕೆ ಇಷ್ಟು ಪರ್ಸೆಂಟ್ ಬಾಡಿಗೆ, ತೆರಿಗೆ ಸೊನ್ನೆ. ಎರಡೂ ಸುಳ್ಳಲ್ಲ. ಆದರೆ ಅದು ದುಬೈನಲ್ಲೇ ವಾಸ ಇರುವವರ ಲೆಕ್ಕ. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಇದ್ದು, ಇಲ್ಲೇ ಐಟಿ ರಿಟರ್ನ್ ಸಲ್ಲಿಸುವವರ ಲೆಕ್ಕ ಪೂರಾ ಬೇರೆ. ಹೊರದೇಶದ ಆಸ್ತಿಗೆ ಎರಡು ದೇಶದ ಕಾನೂನು ಅನ್ವಯಿಸುತ್ತದೆ, ಮೇಳದಲ್ಲಿ ಒಂದೇ ದೇಶದ್ದನ್ನು ಹೇಳುತ್ತಾರೆ. ಇನ್ನೊಂದನ್ನೂ ಸೇರಿಸಿ ನೋಡಿದ ಮೇಲೂ ಕೊಳ್ಳಬೇಕು ಅನ್ನಿಸಿದರೆ ಧೈರ್ಯವಾಗಿ ಕೊಳ್ಳಿ.

ಮೊದಲು, ಆ ದೇಶ ನಿಮಗೆ ಮಾರುತ್ತದೆಯೇ?

ನಮಗೆ ಆಸ್ತಿ ಎಂದರೆ ಮೊದಲು ನೆನಪಾಗುವುದು ಸೈಟು. ಕಟ್ಟಡ ಹಳೆಯದಾಗುತ್ತದೆ, ನೆಲಕ್ಕೆ ಬೆಲೆ ಏರುತ್ತದೆ ಎಂಬ ನಂಬಿಕೆ. ಹೊರದೇಶದಲ್ಲಿ ಈ ಆಸೆ ಬಹಳ ಕಡೆ ಬಾಗಿಲಲ್ಲೇ ನಿಂತುಬಿಡುತ್ತದೆ. ಥಾಯ್ಲೆಂಡ್‌ನಲ್ಲಿ ವಿದೇಶಿಯರು ಸಾಮಾನ್ಯವಾಗಿ ಜಮೀನಿನ ಒಡೆಯರಾಗುವಂತಿಲ್ಲ. ಅಪಾರ್ಟ್‌ಮೆಂಟ್ ಕೊಳ್ಳಬಹುದು, ಅದೂ ಒಂದು ಕಟ್ಟಡದ 49 ಪರ್ಸೆಂಟ್ ಜಾಗದ ಮಿತಿಯೊಳಗೆ. ಇಂಡೋನೇಷ್ಯಾದಲ್ಲಿ ಪೂರ್ಣ ಒಡೆತನ ಅಲ್ಲಿನ ಪ್ರಜೆಗಳಿಗೆ ಮಾತ್ರ. ಬಾಲಿಯಲ್ಲಿ ‘ನಿಮ್ಮದೇ ವಿಲ್ಲಾ’ ಎಂದು ಮಾರುವುದು ಬಹುಪಾಲು ಗುತ್ತಿಗೆಯನ್ನು. ಶ್ರೀಲಂಕಾ 2014ರಲ್ಲೇ ವಿದೇಶಿಯರಿಗೆ ಜಮೀನು ವರ್ಗಾಯಿಸುವುದನ್ನು ಕಾನೂನು ಮಾಡಿ ತಡೆದಿದೆ. ನ್ಯೂಜಿಲೆಂಡ್ 2018ರಿಂದ ಹೆಚ್ಚಿನ ವಿದೇಶಿಯರಿಗೆ ಮನೆ ಮಾರುವುದಕ್ಕೆ ಕಡಿವಾಣ ಹಾಕಿದೆ. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷದ ಮಟ್ಟಿಗೆ, ಹಳೆ ಮನೆಗಳನ್ನು ವಿದೇಶಿಯರಿಗೆ ಮಾರುವುದನ್ನು ನಿಲ್ಲಿಸಿದೆ. ಸಿಂಗಾಪುರ ಮಾರುತ್ತದೆ, ಆದರೆ 2023ರ ಏಪ್ರಿಲ್‌ನಿಂದ ವಿದೇಶಿ ಖರೀದಿದಾರರಿಗೆ 60 ಪರ್ಸೆಂಟ್ ಹೆಚ್ಚುವರಿ ಸ್ಟಾಂಪ್ ಡ್ಯೂಟಿ ಇದೆ. ಒಂದು ಕೋಟಿಯ ಮನೆಗೆ ಅರವತ್ತು ಲಕ್ಷ ಸುಂಕ!

ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ಜಮೀನು ಕೊಳ್ಳಬಹುದು. ಅಲ್ಲಿ ಬೇರೆ ತೊಂದರೆ. ಊರಾಚೆಯ ಹೊಲವನ್ನು ತುಂಡು ತುಂಡು ಮಾಡಿ, ‘ನಾಳೆ ಇಲ್ಲಿ ಮನೆ ಕಟ್ಟಲು ಪರವಾನಗಿ ಬರುತ್ತದೆ, ಬೆಲೆ ಹತ್ತು ಪಟ್ಟಾಗುತ್ತದೆ’ ಎಂದು ಮಾರುವ ದಂಧೆ ವರ್ಷಗಟ್ಟಲೆ ನಡೆದಿದೆ. ಕೊಂಡವರ ಹೆಸರಿಗೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿಯೂ ಆಗುತ್ತದೆ, ಕಾಗದ ಅಸಲಿಯೇ. ಆದರೆ ಕಟ್ಟುವ ಪರವಾನಗಿ ಇಲ್ಲದ ಹೊಲದ ತುಂಡನ್ನು ಇಟ್ಟುಕೊಂಡು ಏನು ಮಾಡುವುದು? ಇಂಥದ್ದೇ ಒಂದು ಕಂಪನಿಯ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2016ರಲ್ಲಿ ತೀರ್ಪು ಕಂಪನಿಯ ವಿರುದ್ಧ ಬಂತು. ನಮ್ಮಲ್ಲಿ ಕನ್ವರ್ಶನ್ ಆಗದ ರೆವಿನ್ಯೂ ಸೈಟು ಕೊಂಡು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಪರವಾನಗಿ ಬರುತ್ತದೆ’ ಎಂಬ ಮಾತಿನ ಮೇಲೆ ಯಾವ ದೇಶದಲ್ಲೂ ದುಡ್ಡು ಹಾಕಬೇಡಿ.

ದುಬೈ ಇಷ್ಟು ಜನರನ್ನು ಸೆಳೆಯುವುದಕ್ಕೆ ಕಾರಣ ಇದೆ. 2002ರಲ್ಲಿ ಅಲ್ಲಿನ ಸರ್ಕಾರ ವಿದೇಶಿಯರಿಗೆ ಬಾಗಿಲು ತೆರೆಯಿತು. 2006ರ 7ನೇ ಕಾನೂನು ಅದಕ್ಕೆ ಗಟ್ಟಿ ಆಧಾರ ಕೊಟ್ಟಿತು. ಗೊತ್ತುಪಡಿಸಿದ ‘ಫ್ರೀಹೋಲ್ಡ್’ ಪ್ರದೇಶಗಳಲ್ಲಿ ವಿದೇಶಿಯರೂ ಪೂರ್ಣ ಒಡೆಯರಾಗಬಹುದು. ದುಬೈ ಮರೀನಾ, ಡೌನ್‌ಟೌನ್, ಬಿಸಿನೆಸ್ ಬೇ, ಜುಮೇರಾ ವಿಲೇಜ್ ಸರ್ಕಲ್, ಇಂಟರ್‌ನ್ಯಾಷನಲ್ ಸಿಟಿ ಇಂಥವು. ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ದೇರಾ, ಕರಾಮಾ, ಬರ್ ದುಬೈನಲ್ಲಿ ಬಹುಪಾಲು ಕಟ್ಟಡಗಳು ಈ ಪಟ್ಟಿಯಲ್ಲಿ ಇಲ್ಲ. ಬಂಧುಗಳು ‘ನಮ್ಮ ಬಿಲ್ಡಿಂಗ್ ಪಕ್ಕದಲ್ಲೇ ನೋಡೋಣ’ ಎಂದರೆ ಮೊದಲು ಇದನ್ನು ಕೇಳಿ ತಿಳಿಯಿರಿ. ಫ್ರೀಹೋಲ್ಡ್ ಬಡಾವಣೆಗಳಲ್ಲಿ ಖಾಲಿ ಪ್ಲಾಟೂ ಸಿಗುತ್ತದೆ. ಆದರೆ ಎಷ್ಟೋ ಕಡೆ ಇಂತಿಷ್ಟು ವರ್ಷದೊಳಗೆ ಕಟ್ಟಲೇಬೇಕು ಎಂಬ ಷರತ್ತು ಇರುತ್ತದೆ. ಬೇಲಿ ಹಾಕಿ ಬಿಟ್ಟು ಹತ್ತು ವರ್ಷಕ್ಕೆ ಮಾರುವ ನಮ್ಮ ಪದ್ಧತಿ ಅಲ್ಲಿ ನಡೆಯುವುದು ಕಷ್ಟ. ಅದಕ್ಕೇ ಇಲ್ಲಿಂದ ಮುಂದೆ ಫ್ಲಾಟಿನ ಮಾತನ್ನೇ ಆಡುತ್ತೇನೆ.

ದುಡ್ಡು ಹೋಗುವ ದಾರಿ ಒಂದೇ

ಭಾರತದಲ್ಲಿ ವಾಸಿಸುವವರು ಹೊರದೇಶದ ಆಸ್ತಿಗೆ ದುಡ್ಡು ಕಳಿಸಲು ಸಾಮಾನ್ಯವಾಗಿ ಇರುವ ದಾರಿ ರಿಸರ್ವ್ ಬ್ಯಾಂಕಿನ ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್, ಅಂದರೆ ಎಲ್‌ಆರ್‌ಎಸ್ ಯೋಜನೆ. 2015ರಿಂದ ಇದರ ಮಿತಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್. ದುಬೈನ ಹಣವಾದ ದಿರ್ಹಂ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿರುವುದರಿಂದ ಅದು 9,18,125 ದಿರ್ಹಂ ಆಗುತ್ತದೆ. ಈ ಅಂಕಿ ನೆನಪಿಟ್ಟುಕೊಳ್ಳಿ. ಹತ್ತು ಲಕ್ಷ ದಿರ್ಹಂನ ಒಂದು ಸಾಧಾರಣ ಫ್ಲಾಟು ಕೂಡ ಒಬ್ಬರ ಒಂದು ವರ್ಷದ ಮಿತಿಯನ್ನು ದಾಟುತ್ತದೆ. ಹಾಗಾಗಿ ಗಂಡ-ಹೆಂಡತಿ ಸೇರಿ ಕೊಳ್ಳುತ್ತಾರೆ. ಇಲ್ಲವೇ ಮಾರ್ಚ್‌ನಲ್ಲಿ ಒಂದಷ್ಟು, ಏಪ್ರಿಲ್‌ನಲ್ಲಿ ಉಳಿದದ್ದು ಕಳಿಸುತ್ತಾರೆ. ಎರಡೂ ಸರಿಯೇ. ದುಡ್ಡು ಕಳಿಸಿದ ಹತ್ತಿರದ ಸಂಬಂಧಿಗಳ ಹೆಸರು ಒಡೆತನದ ಪತ್ರದಲ್ಲೂ ಇರಲಿ.

ಹೆಂಡತಿಗೆ ಸ್ವಂತ ಆದಾಯ ಇಲ್ಲದಿದ್ದು, ಗಂಡನೇ ದುಡ್ಡು ಕೊಟ್ಟು ಅವರ ಹೆಸರಲ್ಲಿ ಕಳಿಸಿದರೆ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತದೆ. ತೆರಿಗೆ ಅರ್ಧ ಉಳಿಯುತ್ತದೆ ಎಂದುಕೊಳ್ಳಬೇಡಿ.

ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು. ರಿಯಲ್ ಎಸ್ಟೇಟ್ ಹೂಡಿಕೆಯ ಕೋಡ್ ಎಸ್0005. ಪ್ಯಾನ್ ಕಡ್ಡಾಯ. ಆ ಬ್ಯಾಂಕಿನಲ್ಲಿ ನಿಮ್ಮ ಖಾತೆ ಒಂದು ವರ್ಷವಾದರೂ ಹಳೆಯದಿರಬೇಕು, ಇಲ್ಲದಿದ್ದರೆ ಹಿಂದಿನ ಬ್ಯಾಂಕಿನ ಸ್ಟೇಟ್‌ಮೆಂಟ್ ಕೇಳುತ್ತಾರೆ. ಚಿಕ್ಕ ಊರಿನ ಶಾಖೆಯಲ್ಲಿ ಈ ಕೆಲಸ ಮಾಡಿ ಅಭ್ಯಾಸ ಇರುವುದಿಲ್ಲ. ವಿದೇಶಿ ವಿನಿಮಯದ ಶಾಖೆ ಎಲ್ಲಿದೆ ಎಂದು ಕೇಳಿಕೊಂಡು ಅಲ್ಲಿಗೇ ಹೋಗಿ. ಡಾಲರಿನ ದರಕ್ಕೂ ಚೌಕಾಸಿ ಮಾಡಿ. ಬ್ಯಾಂಕು ಹಾಕುವ ದರದಲ್ಲಿ ಒಂದು ಪರ್ಸೆಂಟ್ ವ್ಯತ್ಯಾಸ ಎಂದರೆ ಎರಡೂವರೆ ಕೋಟಿಯ ಮೇಲೆ ಎರಡೂವರೆ ಲಕ್ಷ.

ಇನ್ನು ಟಿಸಿಎಸ್, ಅಂದರೆ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ. 2025ರ ಏಪ್ರಿಲ್ 1ರಿಂದ, ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20 ಪರ್ಸೆಂಟ್ ಹಿಡಿದುಕೊಳ್ಳುತ್ತದೆ. ಇದು ಕಳೆದುಹೋಗುವ ದುಡ್ಡಲ್ಲ. ನಿಮ್ಮ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾದದ್ದು ರಿಫಂಡ್ ಬರುತ್ತದೆ. ಸಂಬಳದವರಾದರೆ ಆಫೀಸಿನಲ್ಲಿ ತಿಳಿಸಿ, ತಿಂಗಳ ಟಿಡಿಎಸ್‌ನಲ್ಲೇ ಹೊಂದಿಸಿಕೊಳ್ಳಲೂಬಹುದು. ಆದರೆ ಕಳಿಸುವ ದಿನ ಅಷ್ಟು ದುಡ್ಡು ಕೈಯಲ್ಲಿ ಇರಲೇಬೇಕು. ಅದೆಷ್ಟು ಎಂಬುದು ಮುಂದಿನ ಲೆಕ್ಕದಲ್ಲಿ ಬರುತ್ತದೆ.

ಮಾಡಲೇಬಾರದ್ದು ಕೆಲವು ಇವೆ. ಮೇಳದಲ್ಲಿ ‘ಬುಕಿಂಗ್‌ಗೆ ಕಾರ್ಡ್ ಕೊಡಿ ಸಾಕು’ ಎನ್ನುತ್ತಾರೆ. ಕ್ರೆಡಿಟ್ ಕಾರ್ಡ್ ಉಜ್ಜಬೇಡಿ. ‘ಇಲ್ಲಿ ರೂಪಾಯಿ ಕೊಡಿ, ಅಲ್ಲಿ ದಿರ್ಹಂ ಕಟ್ಟುತ್ತೇವೆ’ ಎಂದರೆ ಅದು ಹವಾಲಾ, ಆ ಮಾತು ಬಂದ ಕೂಡಲೇ ಎದ್ದು ಬನ್ನಿ. ವಿದೇಶಿ ವಿನಿಮಯದ ಫೆಮಾ ಕಾನೂನಿನಲ್ಲಿ ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಇಲ್ಲಿನ ಬ್ಯಾಂಕಿನಿಂದ ಸಾಲ ಎತ್ತಿ ಎಲ್‌ಆರ್‌ಎಸ್‌ನಲ್ಲಿ ಕಳಿಸುವುದಕ್ಕೂ ಅವಕಾಶ ಇಲ್ಲ. 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ಯಾವ ಯಾವ ದುಡ್ಡಿನಿಂದ ಹೊರಗೆ ಆಸ್ತಿ ಕೊಳ್ಳಬಹುದು ಎಂದು ಪಟ್ಟಿ ಕೊಟ್ಟಿವೆ. ಎಲ್‌ಆರ್‌ಎಸ್, ಆರ್‌ಎಫ್‌ಸಿ ಖಾತೆಯ (ಹೊರದೇಶದಿಂದ ವಾಪಸಾದವರ ವಿದೇಶಿ ಹಣದ ಖಾತೆ) ಹಣ, ಹೊರಗಿನ ಹಳೆ ಆಸ್ತಿಯ ಆದಾಯ ಅಥವಾ ಮಾರಿದ ಹಣ, ಹೊರದೇಶದಲ್ಲಿರುವ ಸಂಬಂಧಿಯ ಜೊತೆ ಜಂಟಿ ಖರೀದಿ. ಸಾಲ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೇ ಕೀಲಿಕೈ ಸಿಕ್ಕ ಮೇಲೂ ಮೂರು-ನಾಲ್ಕು ವರ್ಷ ಕಂತು ಕಟ್ಟುವ ಆಕರ್ಷಕ ಪ್ಲಾನುಗಳ ಬಗ್ಗೆ ನನಗೆ ಭಯ ಇದೆ. ಮನೆ ಕೈಗೆ ಬಂದ ಮೇಲೆ ಉಳಿದ ಬಾಕಿ ಸಾಲದಂತೆಯೇ ಕಾಣುತ್ತದೆ. ಅಂಥದ್ದಕ್ಕೆ ಸಹಿ ಹಾಕುವ ಮುಂಚೆ ಫೆಮಾ ಚೆನ್ನಾಗಿ ಬಲ್ಲ ಸಿಎ ಒಬ್ಬರಿಂದ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು.

ಆರೂವರೆ ಪರ್ಸೆಂಟ್ ಮೂರಾಗುವುದು ಹೇಗೆ

ಒಂದು ಉದಾಹರಣೆ ಹಿಡಿಯೋಣ. ಸುಮಾರು 700 ಚದರಡಿಯ, ಹತ್ತು ಲಕ್ಷ ದಿರ್ಹಂ ಬೆಲೆಯ, ವಾಸಕ್ಕೆ ಸಿದ್ಧವಾದ ಫ್ಲಾಟು. ಲೆಕ್ಕ ಸುಲಭವಾಗಲಿ ಎಂದು ದಿರ್ಹಂಗೆ 24 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷದ ಬಾಡಿಗೆ 65,000 ದಿರ್ಹಂ, ಅಂದರೆ ಹಾಳೆಯಲ್ಲಿ ಬರೆಯುವ ‘ಆರೂವರೆ ಪರ್ಸೆಂಟ್’. ಬಾಡಿಗೆ, ಖರ್ಚಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಫ್ಲಾಟಿನ ನಿಜ ಅಂಕಿ ಹಾಕಿ ಇದೇ ರೀತಿ ಮಾಡಿ ನೋಡಿ.

ಕೊಳ್ಳುವಾಗ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ ಬೆಲೆಯ 4 ಪರ್ಸೆಂಟ್, ಅಂದರೆ 40,000. ಏಜೆಂಟಿಗೆ 2 ಪರ್ಸೆಂಟ್, ಅದರ ಮೇಲೆ ವ್ಯಾಟ್, ಒಟ್ಟು 21,000. ನೋಂದಣಿ ಮಾಡಿಕೊಡುವ ಟ್ರಸ್ಟೀ ಕಚೇರಿಗೆ ವ್ಯಾಟ್ ಸೇರಿ 4,200. ಎನ್‌ಒಸಿ, ಟೈಟಲ್ ಡೀಡ್ (ಒಡೆತನದ ಪತ್ರ), ಸಣ್ಣಪುಟ್ಟದ್ದು ಸೇರಿ ಇನ್ನೊಂದು ಐದು ಸಾವಿರ. ಬೆಲೆಯೂ ಸೇರಿ ಒಟ್ಟು ಸುಮಾರು 10,70,000 ದಿರ್ಹಂ. ರೂಪಾಯಿಯಲ್ಲಿ 2 ಕೋಟಿ 57 ಲಕ್ಷ. ಇಬ್ಬರು ಅರ್ಧರ್ಧ ಒಂದೇ ವರ್ಷದಲ್ಲಿ ಕಳಿಸಿದರೆ ಟಿಸಿಎಸ್ ಒಬ್ಬೊಬ್ಬರಿಗೆ ಸುಮಾರು 23.7 ಲಕ್ಷ, ಇಬ್ಬರದ್ದೂ ಸೇರಿ 47 ಲಕ್ಷದ ಮೇಲೆ. ಅಂದರೆ ಕಳಿಸುವ ಹೊತ್ತಿಗೆ ಕೈಯಲ್ಲಿ ಮೂರು ಕೋಟಿಗೂ ಜಾಸ್ತಿ ಇರಬೇಕು.

ಈಗ ಬಾಡಿಗೆ ಕಡೆ ಬನ್ನಿ. ಕಟ್ಟಡದ ಸರ್ವೀಸ್ ಚಾರ್ಜ್ (ನಿರ್ವಹಣೆಯ ಶುಲ್ಕ) ಚದರಡಿಗೆ 16 ದಿರ್ಹಂ ಹಿಡಿದರೆ 11,200. ನೀವು ಇಲ್ಲಿರುವುದರಿಂದ ಅಲ್ಲಿ ಬಾಡಿಗೆ ನೋಡಿಕೊಳ್ಳುವ ಕಂಪನಿ ಬೇಕು. ಬಾಡಿಗೆಯ 5 ಪರ್ಸೆಂಟ್ ಹಿಡಿಯಿರಿ, 3,250. ಬಾಡಿಗೆದಾರ ಬದಲಾಗುವಾಗ ಅರ್ಧ ತಿಂಗಳು ಖಾಲಿ, 2,700. ಎಸಿ, ಪ್ಲಂಬಿಂಗ್ ರಿಪೇರಿ 2,000. ಉಳಿದದ್ದು 45,850. ಹಾಕಿದ ಹಣಕ್ಕೆ ಇದು ಸುಮಾರು 4.3 ಪರ್ಸೆಂಟ್.

ಇಲ್ಲಿಗೆ ಮುಗಿಯಲಿಲ್ಲ. ದುಬೈ ಬಾಡಿಗೆಗೆ ತೆರಿಗೆ ಹಾಕುವುದಿಲ್ಲ. ಭಾರತ ಹಾಕುತ್ತದೆ. ಇಲ್ಲಿನ ನಿವಾಸಿಗೆ ಜಗತ್ತಿನ ಎಲ್ಲೇ ಆದಾಯ ಬಂದರೂ ಇಲ್ಲಿ ತೆರಿಗೆ. ಅಲ್ಲಿ ತೆರಿಗೆಯೇ ಕಟ್ಟಿಲ್ಲದ ಕಾರಣ ಕಳೆಯಲು ಏನೂ ಇರುವುದಿಲ್ಲ. ಖಾಲಿ ಇದ್ದ ದಿನದ್ದು ಬಿಟ್ಟು ಬಂದ ಬಾಡಿಗೆ 62,300ರಲ್ಲಿ 30 ಪರ್ಸೆಂಟ್ ರಿಯಾಯಿತಿ ಕಳೆದು 43,610ಕ್ಕೆ ತೆರಿಗೆ. ಸರ್ವೀಸ್ ಚಾರ್ಜನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ, ಆ 30 ಪರ್ಸೆಂಟ್‌ನಲ್ಲೇ ಎಲ್ಲ ಬಂತು. ನೀವು 30 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ ಸುಮಾರು 13,600 ದಿರ್ಹಂ ತೆರಿಗೆಗೆ ಹೋಗುತ್ತದೆ. ಕೊನೆಗೆ ಕೈಗೆ ಬರುವುದು 32,250 ದಿರ್ಹಂ, ರೂಪಾಯಿಯಲ್ಲಿ ಏಳೂಮುಕ್ಕಾಲು ಲಕ್ಷದ ಹತ್ತಿರ. ಮೂರು ಪರ್ಸೆಂಟ್.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ಎರಡು ಕಾರಣಕ್ಕೆ. ಒಂದು, ರೂಪಾಯಿ. 2014ರಲ್ಲಿ ಡಾಲರಿಗೆ ಅರವತ್ತರ ಆಸುಪಾಸು ಇದ್ದದ್ದು 2025ರ ಹೊತ್ತಿಗೆ ಎಂಬತ್ತೈದು ದಾಟಿತು. ದಿರ್ಹಂ ಡಾಲರಿಗೆ ಕಟ್ಟಿಕೊಂಡಿರುವುದರಿಂದ ಆಸ್ತಿಯ ಬೆಲೆ ಅಲ್ಲಿ ಏರದಿದ್ದರೂ ರೂಪಾಯಿಯಲ್ಲಿ ಏರಿತು. ಮಕ್ಕಳನ್ನು ಹೊರದೇಶದಲ್ಲಿ ಓದಿಸಬೇಕು ಎಂದಿರುವವರಿಗೆ ಡಾಲರಿನ ಜೊತೆ ನಡೆಯುವ ಒಂದು ಆಸ್ತಿ ಇರುವುದು ನಿಜಕ್ಕೂ ಉಪಯೋಗ. ಎರಡನೆಯದು ಬೆಲೆ ಏರುವ ನಿರೀಕ್ಷೆ. ಇಲ್ಲಿ ಎಚ್ಚರ ಬೇಕು. 2008ರ ಕೊನೆಯಿಂದ ದುಬೈನಲ್ಲಿ ಬೆಲೆಗಳು ಅರ್ಧದಷ್ಟು ಕುಸಿದವು, ಎಷ್ಟೋ ಯೋಜನೆಗಳು ಅರ್ಧಕ್ಕೇ ನಿಂತವು. 2014ರಿಂದ 2020ರವರೆಗೆ ಮತ್ತೆ ನಿಧಾನ ಇಳಿತ. 2021ರಿಂದ ಜೋರು ಏರಿಕೆ. ಮೇಳದ ಗ್ರಾಫು ಯಾವಾಗಲೂ 2021ರಿಂದಲೇ ಶುರುವಾಗುತ್ತದೆ. ಅದಕ್ಕಿಂತ ಹಿಂದಿನದನ್ನೂ ತೋರಿಸಿ ಎಂದು ಕೇಳಿ.

ಕೊಳ್ಳುವಾಗ ಏಳು, ಮಾರುವಾಗ ಏಜೆಂಟಿಗೆ ಎರಡು ಪರ್ಸೆಂಟ್. ಬೆಲೆ ಒಂಬತ್ತು ಪರ್ಸೆಂಟ್ ಏರಿದಾಗ ನಿಮ್ಮ ಅಸಲು ವಾಪಸ್. ಐದಾರು ವರ್ಷ ಮುಟ್ಟದೆ ಇಡಬಲ್ಲ ದುಡ್ಡಾದರೆ ಮಾತ್ರ ಇದಕ್ಕೆ ಕೈ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ. ಊರಿನ ತೋಟ ಮಾರಿಯೋ, ಪಿಎಫ್ ಬಿಡಿಸಿಯೋ ಮೂರು ಪರ್ಸೆಂಟಿಗೆ ಹೋಗುವುದು ಬೇಡ.

ಸಿದ್ಧ ಮನೆಯೋ, ಕಟ್ಟುತ್ತಿರುವುದೋ?

ಮೇಳಗಳಲ್ಲಿ ಹೆಚ್ಚಾಗಿ ಮಾರುವುದು ‘ಆಫ್ ಪ್ಲಾನ್’, ಅಂದರೆ ಇನ್ನೂ ಕಟ್ಟುತ್ತಿರುವ ಅಥವಾ ಶುರುವೇ ಆಗದ ಫ್ಲಾಟು. ಕಂತು ಕಂತಾಗಿ ಕಟ್ಟಬಹುದು ಎಂಬುದು ಆಕರ್ಷಣೆ. 2008ರ ಕುಸಿತಕ್ಕೆ ಮುಂಚೆಯೇ ದುಬೈ ಒಂದು ಒಳ್ಳೆಯ ಕಾನೂನು ಮಾಡಿತ್ತು, 2007ರ 8ನೇ ಕಾನೂನು. ಇದರ ಪ್ರಕಾರ ಪ್ರತಿ ಯೋಜನೆಗೂ ಬೇರೆ ಎಸ್ಕ್ರೋ ಖಾತೆ ಇರಬೇಕು. ಖರೀದಿದಾರರ ಹಣ ಅದಕ್ಕೇ ಹೋಗಬೇಕು. ಕಟ್ಟಡ ಎಷ್ಟು ಮೇಲೆದ್ದಿದೆಯೋ ಅಷ್ಟೇ ಹಣ ಬಿಲ್ಡರ್ ಕೈಗೆ. ಕೆಲಸ ಮುಗಿದ ಮೇಲೂ 5 ಪರ್ಸೆಂಟನ್ನು ಒಂದು ವರ್ಷ ಹಿಡಿದಿಡುತ್ತಾರೆ. ನಮ್ಮ ರೇರಾ ಬಂದದ್ದು ಇದಾದ ಎಷ್ಟೋ ವರ್ಷಕ್ಕೆ.

ಆದರೆ ಕಾನೂನು ಕಾಯುವುದು ನಿಯಮದಂತೆ ಹಣ ಕಟ್ಟಿದವರನ್ನು. ನೀವು ಹಣ ಹಾಕುವ ಖಾತೆಯ ಹೆಸರಲ್ಲಿ ಯೋಜನೆಯ ಹೆಸರು, ಎಸ್ಕ್ರೋ ಎಂಬ ಮಾತು ಇರಬೇಕು. ಏಜೆಂಟ್ ಕಂಪನಿಯ ಖಾತೆಗೋ, ಬಿಲ್ಡರಿನ ಇನ್ನೊಂದು ಕಂಪನಿಯ ಖಾತೆಗೋ ಹಾಕಲು ಹೇಳಿದರೆ ಹಾಕಬೇಡಿ. ಹಣ ಕಟ್ಟಿದ ಮೇಲೆ ಆ ಫ್ಲಾಟು ನಿಮ್ಮ ಹೆಸರಲ್ಲಿ ‘ಊಕೂದ್’ ಎಂಬ ತಾತ್ಕಾಲಿಕ ನೋಂದಣಿಯಲ್ಲಿ ಬರಬೇಕು. ಆ ಕಾಗದ ಕೈಗೆ ಬರುವವರೆಗೆ ದೊಡ್ಡ ಕಂತು ಕಟ್ಟಬೇಡಿ. 4 ಪರ್ಸೆಂಟ್ ನೋಂದಣಿ ಶುಲ್ಕ ಇಲ್ಲೂ ಇದೆ, ಅದೂ ಸಾಮಾನ್ಯವಾಗಿ ಮೊದಲೇ.

ಕಂತು ತಪ್ಪಿದರೆ ಏನಾಗುತ್ತದೆ ಎಂದು ಮೇಳದಲ್ಲಿ ಯಾರೂ ಹೇಳುವುದಿಲ್ಲ. ಬಿಲ್ಡರ್ ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ ತಿಳಿಸುತ್ತಾರೆ, ನಿಮಗೆ 30 ದಿನದ ನೋಟಿಸ್ ಬರುತ್ತದೆ. ಆಮೇಲೂ ಕಟ್ಟದಿದ್ದರೆ ಒಪ್ಪಂದ ರದ್ದು ಮಾಡಬಹುದು. ಕಟ್ಟಡ 60 ಪರ್ಸೆಂಟಿಗಿಂತ ಜಾಸ್ತಿ ಮುಗಿದಿದ್ದರೆ ಫ್ಲಾಟಿನ ಬೆಲೆಯ 40 ಪರ್ಸೆಂಟ್‌ವರೆಗೆ, ಅದಕ್ಕಿಂತ ಕಡಿಮೆ ಮುಗಿದಿದ್ದರೆ 25 ಪರ್ಸೆಂಟ್‌ವರೆಗೆ ಬಿಲ್ಡರ್ ಇಟ್ಟುಕೊಳ್ಳಬಹುದು. ಗಮನಿಸಿ, ಇದು ನೀವು ಕಟ್ಟಿದ ಹಣದ 40 ಪರ್ಸೆಂಟ್ ಅಲ್ಲ, ಫ್ಲಾಟಿನ ಪೂರ್ತಿ ಬೆಲೆಯದ್ದು. ರೂಪಾಯಿ ಬಿದ್ದ ಹಾಗೆಲ್ಲ ನಿಮ್ಮ ಕಂತು ಏರುತ್ತದೆ. ಎಲ್‌ಆರ್‌ಎಸ್ ನಿಯಮ ನಡುವೆ ಬದಲಾದರೂ ಕಂತು ನಿಲ್ಲುವುದಿಲ್ಲ. ಇದನ್ನೆಲ್ಲ ನೋಡಿದರೆ, ಇಲ್ಲಿ ಕೂತು ಮೊದಲ ಸಲ ಕೊಳ್ಳುವವರಿಗೆ ಬಾಡಿಗೆದಾರ ಇರುವ, ಏಳೆಂಟು ವರ್ಷ ಹಳೆಯ, ಚೆನ್ನಾಗಿ ನೋಡಿಕೊಂಡಿರುವ ಕಟ್ಟಡವೇ ವಾಸಿ. ಬೆಲೆ, ಬಾಡಿಗೆ, ಸರ್ವೀಸ್ ಚಾರ್ಜ್ ಎಲ್ಲವೂ ಕಣ್ಣೆದುರಿಗೇ ಇರುತ್ತವೆ.

ನೋಂದಣಿವರೆಗಿನ ಹೆಜ್ಜೆಗಳು

ಫೋನಿಗೆ ‘ದುಬೈ ರೆಸ್ಟ್’ ಆ್ಯಪ್ ಹಾಕಿಕೊಳ್ಳಿ. ಲ್ಯಾಂಡ್ ಡಿಪಾರ್ಟ್‌ಮೆಂಟಿನದ್ದೇ ಅದು, ನಮ್ಮ ಕಾವೇರಿ ಪೋರ್ಟಲ್ ಇದ್ದ ಹಾಗೆ. ಏಜೆಂಟರ ಲೈಸೆನ್ಸ್ ಸಂಖ್ಯೆ ಹಾಕಿ ಅವರು ನಿಜವಾದ ಬ್ರೋಕರೇ ಎಂದು ನೋಡಿ. ಯೋಜನೆಯ ಹೆಸರು ಹಾಕಿ ಎಷ್ಟು ಕೆಲಸ ಮುಗಿದಿದೆ ಎಂದು ನೋಡಿ. ದುಬೈನ ಪ್ರತಿ ಆಸ್ತಿ ಜಾಹೀರಾತಿಗೂ ಪರ್ಮಿಟ್ ಮತ್ತು ಕ್ಯೂಆರ್ ಕೋಡ್ ಇರಬೇಕು. ಅದಿಲ್ಲದ ಜಾಹೀರಾತು ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮುಂದಕ್ಕೆ ಹೋಗುವುದೇ ಬೇಡ.

ಸಿದ್ಧ ಫ್ಲಾಟಾದರೆ ಮಾರುವವರ ಟೈಟಲ್ ಡೀಡ್ ಪ್ರತಿ ಕೇಳಿ ಅದೇ ಆ್ಯಪ್‌ನಲ್ಲಿ ತಾಳೆ ನೋಡಿ. ಬ್ಯಾಂಕಿನ ಅಡಮಾನ ಇದೆಯೇ, ಸರ್ವೀಸ್ ಚಾರ್ಜ್ ಬಾಕಿ ಇದೆಯೇ, ಬಾಡಿಗೆದಾರನ ಕರಾರು ಯಾವಾಗ ಮುಗಿಯುತ್ತದೆ ಎಂದು ಕೇಳಿ. ಬಾಡಿಗೆದಾರನನ್ನು ಏಳಿಸಬೇಕಾದರೆ ಸ್ವಂತ ವಾಸ ಅಥವಾ ಮಾರಾಟದಂಥ ಕಾರಣ ಕೊಟ್ಟು, ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ 12 ತಿಂಗಳ ನೋಟಿಸ್ ಕೊಡಬೇಕು. ಬಾಡಿಗೆಯನ್ನೂ ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ, ಅದಕ್ಕೆ 2013ರ 43ನೇ ಆದೇಶದ ಮಿತಿ ಇದೆ. ಕಡಿಮೆ ಬಾಡಿಗೆಗೆ ಹಳೆಯ ಬಾಡಿಗೆದಾರ ಕೂತಿದ್ದರೆ ಆ ನಷ್ಟ ನಿಮಗೇ ಬರುತ್ತದೆ.

ಆಮೇಲೆ ‘ಫಾರ್ಮ್ ಎಫ್’ ಎಂಬ ಕರಾರು. ನಮ್ಮ ಸೇಲ್ ಅಗ್ರಿಮೆಂಟಿನಂತೆ. ಸಾಮಾನ್ಯವಾಗಿ 10 ಪರ್ಸೆಂಟ್ ಮುಂಗಡ ಕೊಡುತ್ತಾರೆ. ಬಿಲ್ಡರಿಂದ ಎನ್‌ಒಸಿ ಬಂದ ಮೇಲೆ ಟ್ರಸ್ಟೀ ಕಚೇರಿಯಲ್ಲಿ ಎರಡೂ ಕಡೆಯವರು ಕೂತು, ಮ್ಯಾನೇಜರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟು ವರ್ಗಾವಣೆ. ಕಾಗದ ಸರಿ ಇದ್ದರೆ ಟೈಟಲ್ ಡೀಡ್ ಅವತ್ತೇ ಕೈಗೆ ಬರುತ್ತದೆ. ನೀವು ಹೋಗಲು ಆಗದಿದ್ದರೆ ಪವರ್ ಆಫ್ ಅಟಾರ್ನಿ ಕೊಡಬಹುದು. ಅದಕ್ಕೆ ಇಲ್ಲಿ ನೋಟರಿ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಯ ಮುದ್ರೆ, ಅಲ್ಲಿ ಅರಬ್ಬಿ ಅನುವಾದ ಎಲ್ಲ ಆಗಬೇಕು. ಪವರ್ ಕೊಡುವುದಾದರೆ ಈ ಒಂದು ಆಸ್ತಿ ಕೊಳ್ಳುವುದಕ್ಕೆ ಮಾತ್ರ ಎಂದು ಬರೆಸಿ. ಏಜೆಂಟರಿಗೇ ‘ಮಾರುವ’ ಅಧಿಕಾರವನ್ನೂ ಸೇರಿಸಿ ಕೊಡುವುದು ಬೇಡವೇ ಬೇಡ. ಸಾಧ್ಯವಾದರೆ ಒಮ್ಮೆ ಹೋಗಿ ಬನ್ನಿ. ಎರಡೂವರೆ ಕೋಟಿಯ ಮುಂದೆ ವಿಮಾನದ ಟಿಕೆಟ್ ಎಷ್ಟರದ್ದು ಅಲ್ವಾ?

ಹೋದಾಗ ಫ್ಲಾಟಿನ ಒಳಗೆ ಏನೇನು ನೋಡಬೇಕು? ಎಸಿಯನ್ನು ಅರ್ಧ ಗಂಟೆ ಓಡಿಸಿ. ಅದು ಕಟ್ಟಡದ ಕೂಲಿಂಗ್ ಕಂಪನಿಯದ್ದೋ, ಮನೆಗೇ ಬೇರೆ ಇದೆಯೋ ಕೇಳಿ. ಕೂಲಿಂಗ್ ಕಂಪನಿಯದ್ದಾದರೆ ಬಳಕೆಯ ಬಿಲ್ಲಲ್ಲದೆ ‘ಕೆಪಾಸಿಟಿ ಚಾರ್ಜ್’ ಅಂತ ಒಂದು ಇರುತ್ತದೆ, ಮನೆ ಖಾಲಿ ಇದ್ದರೂ ಅದನ್ನು ಕಟ್ಟಬೇಕಾಗಬಹುದು. ಹೋದ ಮೂರು ವರ್ಷದ ಸರ್ವೀಸ್ ಚಾರ್ಜ್ ಬಿಲ್ಲು ತರಿಸಿ. ಬಾತ್‌ರೂಮಿನ ಟೈಲ್ಸ್ ಮೇಲೆ ಬೆರಳಿನ ಗೆಣ್ಣಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಕೆಳಗೆ ಸಿಮೆಂಟ್ ಕೂತಿಲ್ಲ. ಲಿಫ್ಟಿನ ಮುಂದೆ ಬೆಳಗ್ಗೆ ಎಂಟು ಗಂಟೆಗೆ ನಿಂತು ಎಷ್ಟು ಹೊತ್ತು ಕಾಯಬೇಕು ನೋಡಿ. ಬಾಡಿಗೆದಾರರು ಬಿಟ್ಟು ಹೋಗುವುದು ಇಂಥ ಕಾರಣಕ್ಕೇ. ಹೊಸ ಫ್ಲಾಟು ಕೈಗೆ ತಗೊಳ್ಳುವಾಗ ಇದೆಲ್ಲ ನೋಡಲು ಅಲ್ಲಿ ದುಡ್ಡು ಕೊಟ್ಟರೆ ಬರುವ ಪರಿಣತರಿದ್ದಾರೆ, ಖರ್ಚು ಮಾಡಿ.

ಬಾಡಿಗೆ ಕರಾರನ್ನು ‘ಇಜಾರಿ’ ಎಂಬ ಅಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಬಾಡಿಗೆ ಹೆಚ್ಚಾಗಿ ಒಂದು, ಎರಡು ಅಥವಾ ನಾಲ್ಕು ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಬರುತ್ತದೆ. ಅದಕ್ಕೆ ಅಲ್ಲೊಂದು ಖಾತೆ ಇದ್ದರೆ ಅನುಕೂಲ. ಬಾಡಿಗೆ ಹಣವನ್ನು ಅಲ್ಲೇ ಸುಮ್ನೆ ಕೂಡಿಡುವಂತಿಲ್ಲ. ಮತ್ತೆ ಹೂಡಿಕೆ ಮಾಡದಿದ್ದರೆ 180 ದಿನದೊಳಗೆ ಭಾರತಕ್ಕೆ ತರಬೇಕು.

ವೀಸಾ ಆಸೆಗೆ ಕೊಳ್ಳುವವರೂ ಇದ್ದಾರೆ. ಹತ್ತು ವರ್ಷದ ಗೋಲ್ಡನ್ ವೀಸಾಕ್ಕೆ ಆಸ್ತಿ ಕನಿಷ್ಠ 20 ಲಕ್ಷ ದಿರ್ಹಂ ಬೆಲೆಯದ್ದಾಗಿರಬೇಕು. ವೀಸಾ ಸಿಕ್ಕ ಮಾತ್ರಕ್ಕೆ ಭಾರತದ ತೆರಿಗೆ ತಪ್ಪುವುದಿಲ್ಲ. ನೀವು ಎಲ್ಲಿ ಎಷ್ಟು ದಿನ ಇರುತ್ತೀರಿ ಎಂಬುದೇ ಮುಖ್ಯ.

ರಿಟರ್ನಿನಲ್ಲಿ ತೋರಿಸದಿದ್ದರೆ

ಎಲ್ಲವನ್ನೂ ಸರಿಯಾಗಿ ಮಾಡಿ ಇಲ್ಲಿ ಎಡವುವವರು ತುಂಬಾ ಜನ. ಹೊರದೇಶದಲ್ಲಿ ಆಸ್ತಿ ಇದ್ದವರು ಐಟಿಆರ್-1 ಹಾಕುವಂತಿಲ್ಲ. ಐಟಿಆರ್-2 ಅಥವಾ 3ರಲ್ಲಿ ವಿದೇಶಿ ಆಸ್ತಿಯ ಪಟ್ಟಿಯಾದ ‘ಶೆಡ್ಯೂಲ್ ಎಫ್‌ಎ’ ತುಂಬಬೇಕು. ಮನೆ ಮಾತ್ರ ಅಲ್ಲ, ಅಲ್ಲಿನ ಬ್ಯಾಂಕ್ ಖಾತೆಯನ್ನೂ ತೋರಿಸಬೇಕು. ಈ ಶೆಡ್ಯೂಲಿನ ಲೆಕ್ಕ ಜನವರಿಯಿಂದ ಡಿಸೆಂಬರ್, ಏಪ್ರಿಲ್‌ನಿಂದ ಮಾರ್ಚ್ ಅಲ್ಲ. ಮನೆ ಖಾಲಿ ಇದ್ದರೂ, ಒಂದು ದಿರ್ಹಂ ಬಾಡಿಗೆ ಬರದಿದ್ದರೂ ಪ್ರತಿ ವರ್ಷ ತುಂಬಬೇಕು. ಬಿಟ್ಟರೆ 2015ರ ಕಪ್ಪುಹಣ ಕಾನೂನಿನಲ್ಲಿ ಹತ್ತು ಲಕ್ಷ ದಂಡ ಹಾಕಬಹುದು. ಸಣ್ಣ ಮೊತ್ತದ ಆಸ್ತಿಗೆ 2024ರಲ್ಲಿ ಕೊಟ್ಟ ವಿನಾಯಿತಿ ಮನೆ-ಜಮೀನಿಗೆ ಅನ್ವಯಿಸುವುದಿಲ್ಲ. ಯುಎಇ ಬ್ಯಾಂಕುಗಳ ಖಾತೆ ಮಾಹಿತಿ ಪ್ರತಿ ವರ್ಷ ಭಾರತಕ್ಕೆ ಬರುತ್ತದೆ. ‘ಯಾರಿಗೆ ಗೊತ್ತಾಗುತ್ತೆ’ ಎಂಬ ಕಾಲ ಹೋಯಿತು.

ಅಲ್ಲಿಂದ ವಾಪಸ್ ಬರುವ ನಮ್ಮ ಕರಾವಳಿಯವರಿಗೆ ಒಂದು ಮಾತು. ಅನಿವಾಸಿಯಾಗಿದ್ದಾಗ ಅಲ್ಲಿನ ಸಂಪಾದನೆಯಲ್ಲಿ ಕೊಂಡ ಮನೆಯನ್ನು ಊರಿಗೆ ಬಂದ ಮೇಲೂ ಇಟ್ಟುಕೊಳ್ಳಲು ಫೆಮಾ ಬಿಡುತ್ತದೆ. ತುಂಬಾ ವರ್ಷ ಹೊರಗಿದ್ದು ಬಂದವರಿಗೆ ಸಾಮಾನ್ಯವಾಗಿ ಮೊದಲ ಎರಡು-ಮೂರು ವರ್ಷ ‘ಆರ್‌ಎನ್‌ಒಆರ್’ (ನಿವಾಸಿ, ಆದರೆ ಪೂರ್ಣ ನಿವಾಸಿಯಲ್ಲ) ಸ್ಥಾನ ಸಿಗುತ್ತದೆ. ಆ ಅವಧಿಯಲ್ಲಿ ಅಲ್ಲೇ ಹುಟ್ಟಿ ಅಲ್ಲೇ ಕೈಸೇರಿದ ಬಾಡಿಗೆಗಾಗಲಿ, ಮಾರಿದ ಲಾಭಕ್ಕಾಗಲಿ ಇಲ್ಲಿ ತೆರಿಗೆ ಇಲ್ಲ. ಮಾರುವ ಮನಸ್ಸಿದ್ದರೆ ಆ ಕಿಟಕಿ ಮುಚ್ಚುವ ಮುಂಚೆ ಮಾರಿ. ಎಷ್ಟೋ ಮನೆಯವರು ಇದನ್ನು ತಿಳಿಯದೆ ಒಂದೆರಡು ವರ್ಷ ತಡ ಮಾಡಿ ಲಕ್ಷಗಟ್ಟಲೆ ಕಟ್ಟುತ್ತಾರೆ.

ಇಲ್ಲಿನ ಪೂರ್ಣ ನಿವಾಸಿಗಳಿಗೆ 24 ತಿಂಗಳು ಇಟ್ಟು ಮಾರಿದರೆ ಲಾಭದ ಮೇಲೆ 12.5 ಪರ್ಸೆಂಟ್, ಜೊತೆಗೆ ಸೆಸ್, ಅನ್ವಯಿಸಿದರೆ ಸರ್ಚಾರ್ಜ್. ಅದಕ್ಕಿಂತ ಬೇಗ ಮಾರಿದರೆ ನಿಮ್ಮ ಸ್ಲ್ಯಾಬಿನ ದರ. ಆ ಲಾಭದಲ್ಲಿ ಭಾರತದಲ್ಲಿ ಮನೆ ಕೊಂಡರೆ ಷರತ್ತಿನ ಮೇಲೆ ವಿನಾಯಿತಿ ಉಂಟು, ಇನ್ನೊಂದನ್ನು ದುಬೈನಲ್ಲೇ ಕೊಂಡರೆ ಇಲ್ಲ. ಮಾರಿದ ಹಣಕ್ಕೂ 180 ದಿನದ ನಿಯಮ ಇದೆ. ಕೊಂಡಾಗಿನ ಎ2 ಫಾರ್ಮ್, ಹಣ ಹೋದದ್ದಕ್ಕೆ ಬ್ಯಾಂಕು ಕೊಡುವ ಸ್ವಿಫ್ಟ್ ಪ್ರತಿ, ಶುಲ್ಕದ ರಸೀದಿ ಎಲ್ಲ ಒಂದು ಫೈಲಿನಲ್ಲಿ ಇಡಿ. ಆ 7 ಪರ್ಸೆಂಟ್ ಖರ್ಚನ್ನು ಕೊಂಡ ಬೆಲೆಗೆ ಸೇರಿಸಿ ತೋರಿಸಲು ಆ ರಸೀದಿಗಳೇ ಬೇಕು.

ಉಯಿಲಿನ ಮಾತು ಬಿಡಬಾರದು. ಮನೆ ಯಾರ ಹೆಸರಲ್ಲಿದೆಯೋ ಅವರು ತೀರಿಕೊಂಡರೆ ಅಲ್ಲಿನ ಕೋರ್ಟಿನ ಆದೇಶ ಇಲ್ಲದೆ ಆಸ್ತಿ ಕದಲುವುದಿಲ್ಲ. ಇಲ್ಲಿನ ತಹಶೀಲ್ದಾರರ ವಂಶವೃಕ್ಷ ಒಂದರಿಂದಲೇ ಕೆಲಸ ಆಗುವುದಿಲ್ಲ. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾನೂನಿನಂತೆ, ಮುಸ್ಲಿಮೇತರರು ಉಯಿಲು ಮಾಡದೆ ಹೋದರೆ ಅರ್ಧ ಪಾಲು ಸಂಗಾತಿಗೆ, ಇನ್ನರ್ಧ ಮಕ್ಕಳಿಗೆ ಸಮವಾಗಿ. ಬೇರೆ ರೀತಿ ಹಂಚಬೇಕೆಂದರೆ ಅಲ್ಲೇ ಉಯಿಲು ನೋಂದಾಯಿಸಿ, ದುಬೈನ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರದ ಡಿಐಎಫ್‌ಸಿ ಉಯಿಲು ಕೇಂದ್ರದಲ್ಲಿ ಇದನ್ನು ಮಾಡಬಹುದು. ಮುಸ್ಲಿಂ ಕುಟುಂಬಗಳಿಗೆ ಶರಿಯತ್ ಪ್ರಕಾರವೇ ಪಾಲಾಗುತ್ತದೆ, ಅದಕ್ಕೆ ತಕ್ಕ ಸಲಹೆ ಅಲ್ಲಿನ ವಕೀಲರಿಂದ ಪಡೆಯಿರಿ. ಹೇಗೇ ಆಗಲಿ, ಟೈಟಲ್ ಡೀಡ್ ಎಲ್ಲಿದೆ, ಯಾವ ಬ್ಯಾಂಕಿನಲ್ಲಿ ಬಾಡಿಗೆ ಬೀಳುತ್ತದೆ, ಬಾಡಿಗೆ ನೋಡಿಕೊಳ್ಳುವ ಕಂಪನಿ ಯಾವುದು ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ. ಟೈಟಲ್ ಡೀಡ್ ಕೈಗೆ ಬಂದ ವಾರದಲ್ಲೇ ಈ ಕೆಲಸ ಮುಗಿಸಿ.